ಗೆಲುವಿನ ಸಂಜೆ ಗಿರಿಜಾ ಮೇಡಂ ಕೇಳಿಸಿಕೊಂಡ ಕನ್ನಡ

ಗಾಯಗೊಂಡ ಆಟಗಾರರನ್ನು ಬೇಗ ಮೈದಾನಕ್ಕೆ ಮರಳಿಸುವುದೇ ಕ್ರೀಡಾವೈದ್ಯರ ಕೆಲಸವೆಂದು ಬಹಳ ಮಂದಿ ತಿಳಿದಿದ್ದಾರೆ. ಆಡಬೇಕೆಂದು ಹಟ ಹಿಡಿದವರನ್ನು ಹೊರಗೆ ಕೂರಿಸುವುದೂ ಅದೇ ವೃತ್ತಿಯ ಭಾಗ, ಅದರಲ್ಲೂ ಕಷ್ಟದ ಭಾಗ ಎಂಬುದನ್ನು ಮೆಲ್ಬರ್ನಿನ ನಮ್ಮ ವಿಶ್ವವಿದ್ಯಾಲಯಕ್ಕೆ ಮನದಟ್ಟು ಮಾಡಿಸಿದವರು ಡಾ. ಗಿರಿಜಾ ವೆಂಕಟರಾಮ. ಈ ವರ್ಷ ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸುವ ಈ ಸಂಪುಟದಲ್ಲಿ ಅವರ ವಿದ್ವತ್ತನ್ನು ಕುರಿತು ಬಲ್ಲವರು ಬರೆಯುತ್ತಾರೆ. ಇಲ್ಲಿರುವುದು ಅವರ ಆತಂಕದ ಕಥೆ.

ಮೈಸೂರಿನಲ್ಲಿ ಓದಿ, ಸಿಡ್ನಿಯ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಪಳಗಿ, ಮೆಲ್ಬರ್ನಿಗೆ ಬಂದ ಗಿರಿಜಾ ಮೇಡಂ ವಿದ್ಯಾರ್ಥಿಗಳ ಚಿಕಿತ್ಸಾಲಯದಲ್ಲೇ ನೆಲೆ ನಿಂತರು. ಪರೀಕ್ಷೆಯ ದಿನಗಳಲ್ಲಿ ಊಟ ಬಿಟ್ಟು ತಲೆಸುತ್ತಿ ಬಿದ್ದ ಹಾಸನದ ಹುಡುಗಿಯೊಬ್ಬಳಿಗೆ ತಮ್ಮ ಡಬ್ಬಿಯ ಮೊಸರನ್ನ ಕೊಟ್ಟು, ಅವಳು ಮುಗಿಸುವವರೆಗೂ ಎದುರಿಗೇ ಕೂತಿದ್ದರು. ಹೊರಗೆ ಕಾಯುತ್ತಿದ್ದವರು ಗೊಣಗಿದರು, ಮೇಡಂ ಏಳಲಿಲ್ಲ. ಗಂಡಸರಾದ ವೈದ್ಯರು ಎರಡು ಸಲ ನೋಡಿದರೆ ಅದಕ್ಕೆ ಜಾಗ್ರತೆ ಎಂಬ ಹೆಸರಿತ್ತು; ಮೇಡಂ ಎರಡು ಸಲ ನೋಡಿದರೆ ಗಾಬರಿ. ಆ ಮಾತು ಅವರನ್ನು ಎಷ್ಟು ಚುಚ್ಚಿತ್ತೆಂದರೆ, ಮನಸ್ಸಿನಲ್ಲಿ ಸಂಶಯ ಎದ್ದಾಗಲೆಲ್ಲ ಮೊದಲು ತಮ್ಮನ್ನೇ ಅನುಮಾನಿಸುವ ಅಭ್ಯಾಸವಾಗಿಬಿಟ್ಟಿತ್ತು.

ಎರಡು ವರ್ಷಗಳ ಹಿಂದೆ ನಮ್ಮ ಹೆಣ್ಣುಮಕ್ಕಳ ತಂಡ ಅಂತರ ವಿಶ್ವವಿದ್ಯಾಲಯ ಫುಟ್‌ಬಾಲ್ ಪಂದ್ಯಾವಳಿಯ ಫೈನಲ್‌ಗೆ ಸಿಡ್ನಿಗೆ ಹೋಯಿತು. ಮೊಟ್ಟೆಯಾಕಾರದ ಚೆಂಡಿನ, ಮೈಮೇಲೆ ಬಿದ್ದು ಆಡುವ, ಇಲ್ಲಿಯವರು ಫುಟಿ ಎನ್ನುವ ಆಟ ಅದು. ಮೆಲ್ಬರ್ನಿನದೇ ಬಡಾವಣೆ ಪಾಯಿಂಟ್ ಕುಕ್‌ನಲ್ಲಿರುವ, ಮೇಡಂಗೆ ಹಳೆಯ ಪರಿಚಯದ ಚಂದ್ರಶೇಖರ್ ಮತ್ತು ಶರ್ಮಿಳಾ ದಂಪತಿಯ ಮಗಳು ಅನಘಾ ತಂಡದ ಜೀವಾಳ. ಮೂರನೆಯ ಕ್ವಾರ್ಟರಿನಲ್ಲಿ ಎದುರಾಳಿಯ ಮೊಣಕಾಲು ಅವಳ ತಲೆಗೆ ತಗುಲಿತು. ತಂಡದ ವೈದ್ಯೆಯಾಗಿದ್ದ ಮೇಡಂ ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ತಡವರಿಸದೆ ಉತ್ತರಿಸಿದಳು. ಆದರೂ ಅವಳು ಎದ್ದು ನಿಂತ ರೀತಿ ಮೇಡಂಗೆ ಹಿಡಿಸಲಿಲ್ಲ. ಮತ್ತೆ ಆಡಲು ಬಿಡಲಿಲ್ಲ.

“ಐ ಪಾಸ್ಡ್ ಯುವರ್ ಟೆಸ್ಟ್, ಆಂಟಿ!” ಎಂದು ಹುಡುಗಿ ಕಣ್ಣೀರಿಟ್ಟಳು.

ತಂಡ ಅವಳಿಲ್ಲದೆ ಹೇಗೋ ಗೆದ್ದಿತು. ಅವಳು ಮಾತ್ರ ಮರಳುವ ವಿಮಾನದಲ್ಲಿ ಮೇಡಂ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಸಂಜೆ ವಿಶ್ವವಿದ್ಯಾಲಯದ ಸುತ್ತಲ ಬೀದಿಗಳೆಲ್ಲ ನಮ್ಮ ತಂಡದ ನೀಲಿ ಹಳದಿ ಬಣ್ಣ. ಕಾರುಗಳು ಹಾರ್ನ್ ಬಾರಿಸುತ್ತಾ ಸಾಗುತ್ತಿದ್ದವು; ಕೆಫೆಗಳವರು ಕುರ್ಚಿಗಳನ್ನು ಒಳಗೆ ಎಳೆದುಕೊಂಡು ಕುಣಿಯುವವರಿಗೆ ಜಾಗ ಬಿಟ್ಟಿದ್ದರು. ಮನೆಯಲ್ಲಿ ವಿಶ್ರಾಂತಿ ಪಡೆಯಬೇಕೆಂದು ಮೇಡಂ ಹೇಳಿ ಕಳಿಸಿದ್ದ ಅನಘಾ, ಲೈಬ್ರರಿಯ ಮೆಟ್ಟಿಲ ಮೇಲೆ ಅಪ್ಪ ಅಮ್ಮನ ನಡುವೆ ಕೂತಿದ್ದಳು. ಗೆಳತಿಯರು ಕಪ್ ಎತ್ತಿ ಹಿಡಿದು ಅವಳ ಹೆಸರು ಕೂಗುತ್ತಿದ್ದರು. ಮೇಡಂ ಹತ್ತಿರ ಹೋದರು.

“ತಲೆ ನೋಯ್ತಿದ್ಯಾ ಪುಟ್ಟಿ?”

“ಏನಿಲ್ಲ ಆಂಟಿ. ಸುಮ್ನೆ ಕೂತಿದೀನಿ,” ಎಂದಳು ಅನಘಾ. ಆಮೇಲೆ ಶರ್ಮಿಳಾ ಅವರ ತೋಳಿಗೆ ಒರಗಿದಳು. “ಅಮ್ಮಾ, ನಿದ್ದೆ ಬರ್ತಿದೆ.”

ಶರ್ಮಿಳಾ ಹಿಗ್ಗಿಹೋದರು. “ಕೇಳಿದ್ರಾ ಮೇಡಂ? ಅಮ್ಮಾ ಅಂದ್ಲು! ಕಪ್ ಜೊತೆ ಕನ್ನಡಾನೂ ಗೆದ್ಕೊಂಡು ಬಂದಿದಾಳೆ!”

“ಇರೇ, ಇನ್ನೊಂದ್ ಸಲ ಹೇಳಿಸು. ಅವ್ರಜ್ಜಿಗೆ ವಿಡಿಯೊ ಕಳಿಸ್ತೀನಿ,” ಎಂದು ಚಂದ್ರಶೇಖರ್ ಫೋನ್ ತೆಗೆದರು.

ಗಿರಿಜಾ ಮೇಡಂಗೆ ಸುತ್ತಲಿನ ಗದ್ದಲವೆಲ್ಲ ದೂರ ಸರಿದಂತಾಯಿತು. ಎಷ್ಟೋ ವರ್ಷಗಳಿಂದ ಅವರು ಈ ಹುಡುಗಿಯನ್ನು ಕನ್ನಡದಲ್ಲಿ ಮಾತಾಡಿಸುತ್ತಾ ಬಂದಿದ್ದರು. ಉತ್ತರ ಇಂಗ್ಲಿಷಿನಲ್ಲಲ್ಲದೆ ಬಂದದ್ದೇ ಇಲ್ಲ. ಒಳಗಿನಿಂದ ಹಳೆಯ ದನಿ ಎದ್ದಿತು: ಮತ್ತೆ ಗಾಬರಿ. ನಿನ್ನೆ ಆಟ ಕಿತ್ತುಕೊಂಡೆ, ಇವತ್ತು ಹಬ್ಬವನ್ನೂ ಕೆಡಿಸುತ್ತೀಯಾ? ಮಗು ಮಾತಾಡಿದರೆ ತಾಯಿ ಸಂತೋಷಪಡಬಾರದೇ? ಅನಘಾ ಕಣ್ಣು ಮುಚ್ಚಿದಳು. ಮೇಡಂ ತಾಯಿಯ ಕಡೆ ತಿರುಗಿದರು.

“ಶರ್ಮಿಳಾ, ಇವಳನ್ನ ಈಗಲೇ ಎಮರ್ಜೆನ್ಸಿಗೆ ಕರ್ಕೊಂಡ್ ಹೋಗ್ಬೇಕು.”

“ಏನ್ ಮೇಡಂ ನೀವು! ನಿನ್ನೆ ಆಡಕ್ ಬಿಡ್ಲಿಲ್ಲ, ಇವತ್ತು ಕಪ್ ಮುಟ್ಟಕ್ಕೂ ಬಿಡಲ್ವಾ? ಕನ್ನಡ ಮಾತಾಡೋದೂ ಒಂದು ಕಾಯಿಲೆನಾ?”

ಪಕ್ಕದಲ್ಲಿದ್ದವರು ನಕ್ಕರು. ಮೇಡಂ ನಗಲಿಲ್ಲ. “ಇದಕ್ಕೆ ಮುಂಚೆ ನಿಮ್ಹತ್ರ ಯಾವಾಗ ಕನ್ನಡದಲ್ಲಿ ಮಾತಾಡಿದ್ಲು, ಹೇಳಿ?”

“ಯಾಕೆ, ಅವಳು…” ಶರ್ಮಿಳಾ ನೆನಪಿಸಿಕೊಳ್ಳಲು ನೋಡಿದರು. “ಪ್ರೀ-ಸ್ಕೂಲಿಗೆ ಹೋಗಕ್ಕೆ ಮುಂಚೆ.” ಹೇಳುತ್ತಿದ್ದಂತೆಯೇ ಅವರ ಮುಖದ ನಗು ಇಳಿಯಿತು. ಮಗಳ ಕೆನ್ನೆ ತಟ್ಟಿದರು. “ಅನಘಾ? ಏಯ್, ಲುಕ್ ಅಟ್ ಮಿ!”

ಅನಘಾ ಕಣ್ಣು ತೆರೆಯಲು ಬಹಳ ಹೊತ್ತು ಹಿಡಿಯಿತು. ಚಂದ್ರಶೇಖರ್ ಅದೇ ಫೋನಿನಲ್ಲಿ ಆಂಬುಲೆನ್ಸಿಗೆ ಕರೆ ಮಾಡಿದರು. ಗೆಳತಿಯರು ಕಪ್ಪನ್ನು ಹುಲ್ಲಿನ ಮೇಲಿಟ್ಟು ಜನರನ್ನು ಸರಿಸಿ ದಾರಿ ಮಾಡಿದರು.

ತಲೆಬುರುಡೆಯ ಒಳಗೆ ಮೆಲ್ಲಗೆ ರಕ್ತ ಸೋರುತ್ತಿತ್ತು; ಮಂಕಾಗುತ್ತಿದ್ದ ಮಿದುಳು ಆಮೇಲೆ ಕಲಿತ ಇಂಗ್ಲಿಷನ್ನು ಬಿಟ್ಟು ಮಗುವಾಗಿದ್ದಾಗಿನ ಭಾಷೆಗೆ ಜಾರಿತ್ತು. ತಡಮಾಡದೆ ಶಸ್ತ್ರಚಿಕಿತ್ಸೆ ಆಯಿತು. ಹೊರಗೆ ಕೂತಿದ್ದ ಗಿರಿಜಾ ಮೇಡಂ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಿದ್ದರು: ನಿನ್ನೆಯೇ ಸ್ಕ್ಯಾನ್ ಮಾಡಿಸಿದ್ದರೆ? ತಮ್ಮ ಗಾಬರಿ ಹೆಚ್ಚಾಯಿತೆಂದು ಊರೆಲ್ಲ ಹೇಳಿದ ದಿನ, ಅದು ಸಾಲದೇ ಹೋಯಿತೇನೋ ಎಂದು ಅವರೊಬ್ಬರೇ ನಡುಗುತ್ತಿದ್ದರು. ಪಕ್ಕದಲ್ಲಿದ್ದ ಶರ್ಮಿಳಾ ಬಿಡದೆ ಮೇಡಂ ಕೈಯನ್ನು ಹಿಡಿದುಕೊಂಡಿದ್ದರು.

ಬೆಳಗ್ಗೆ ಒಳಗೆ ಬಿಟ್ಟಾಗ ಅನಘಾ ತಾಯಿಯ ಊದಿದ ಕಣ್ಣುಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು.

“ಮಮ್, ಸ್ಟಾಪ್ ಕ್ರೈಯಿಂಗ್. ಯೂ ಆರ್ ಸೋ ಎಂಬರ್ಯಾಸಿಂಗ್.”

ಮಗಳ ಬಾಯಿಂದ ಒಂದು ಕನ್ನಡದ ಮಾತು ಬರಲೆಂದು ಭಾನುವಾರದ ಕನ್ನಡ ಶಾಲೆ, ಬೈಗುಳ, ಲಂಚದ ಚಾಕೊಲೇಟು ಎಲ್ಲವನ್ನೂ ಪ್ರಯೋಗಿಸಿ ಸೋತಿದ್ದ ಆ ತಾಯಿ, ಬಾಗಿಲಲ್ಲಿ ನಿಂತಿದ್ದ ಗಿರಿಜಾ ಮೇಡಂ ಅವರನ್ನು ತಬ್ಬಿಕೊಂಡು ಕೂಗಿದರು: “ಇಂಗ್ಲಿಷ್ ಮಾತಾಡಿದ್ಲು ಮೇಡಂ! ಇಂಗ್ಲಿಷ್!”

ಇನ್ನು ಮುಂದೆ ಮೆಲ್ಬರ್ನಿನ ಕ್ರೇಗಿಬರ್ನ್ ಬಡಾವಣೆಯಲ್ಲಿ ನಮ್ಮ ಹೆಂಗಸರಿಗಾಗಿ ಸಲಹಾ ಕೇಂದ್ರವೊಂದನ್ನು ನಡೆಸುವ ಆಲೋಚನೆ ಅವರಿಗಿದೆ. ಅದಕ್ಕೆ ಬೇಕಾದ ಆಯುಸ್ಸು, ಆರೋಗ್ಯ, ಮೊಣಕಾಲಿನ ಬಲ ಅವರಿಗೆ ಒದಗಲಿ. ನೆಮ್ಮದಿಯ ನಿದ್ದೆಯೂ ಬರಲಿ. ಆದರೆ ಅವರ ಆತಂಕ ಪೂರ್ತಿ ಕಳೆಯಲಿ ಎಂದು ಹಾರೈಸುವ ಧೈರ್ಯ ಮಾತ್ರ, ಮಕ್ಕಳಿರುವ ನಮಗೆ ಯಾರಿಗೂ ಇಲ್ಲ.