ಬೂಟಿಲ್ಲದವಳು ಗೋಲಿಗೆ

ನಮ್ಮ ಕ್ಲಬ್ಬಿನ ಕೋಣೆಯ ಒಂದು ಗೋಡೆಗೆ ದಕ್ಷಿಣ ಏಷ್ಯಾದ ಹೆಂಗಸರ ಫುಟ್ಬಾಲ್ ಚಾಂಪಿಯನ್‌ಶಿಪ್ಪಿನ ಇತಿಹಾಸವನ್ನು ಅಂಟಿಸಿದ್ದೇನೆ. ಹಲಸೂರಿನ ಮೈದಾನದ ಪಕ್ಕದ ಶೀಟಿನ ಕೋಣೆ ಅದು. ನಾಲ್ಕು ಚೆಂಡು, ಒಂದು ಹರಿದ ಬಲೆ, ಕಾಲು ಅಲ್ಲಾಡುವ ಮೇಜು, ಇಷ್ಟೇ ನಮ್ಮ ಆಸ್ತಿ. ಹಳೆಯ ಕ್ಯಾಲೆಂಡರುಗಳ ಹಿಂಬದಿಯ ಬಿಳಿ ಹಾಳೆಗಳನ್ನು ಜೋಡಿಸಿ, ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ನಾನೇ ಮಾಡಿದ ಪಟ್ಟಿ. ಎಲ್ಲಿ ನಡೆಯಿತು, ಯಾರು ಗೆದ್ದರು, ಫೈನಲ್‌ನಲ್ಲಿ ಯಾರು ಸೋತರು ಎಂದು ಮೂರು ಕಾಲಮ್ಮು. ನಾಲ್ಕನೆಯದರ ತಲೆಯಲ್ಲಿ ‘ನಮ್ಮ ಮೈದಾನದಿಂದ ಹೋದವರು’ ಎಂದು ಬರೆದಿದ್ದೆ. ಅದು ವರ್ಷಗಟ್ಟಲೆ ಖಾಲಿಯೇ ಇತ್ತು. ಯಾರೂ ಹೋಗದಿದ್ದ ಮೇಲೆ ಆ ಕಾಲಮ್ಮು ಯಾಕೆ ಎಂದು ಕೇಳಿದವರ ಜೊತೆಗೆಲ್ಲ ನಾನು ಜಗಳ ಆಡಿದ್ದೇನೆ. ಮಿಸ್‌ಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಹುಡುಗಿಯರು ಹೇಳುವುದು ಸುಳ್ಳಲ್ಲ.

ಆ ಚಾಂಪಿಯನ್‌ಶಿಪ್ ಶುರುವಾಗುವ ಹೊತ್ತಿಗೆ ನನ್ನ ಆಟ ಮುಗಿದಿತ್ತು. ರಾಜ್ಯದ ತಂಡಕ್ಕೆ ಫಾರ್ವರ್ಡ್ ಆಗಿ ಆಡಿದವಳು ನಾನು. ಅಕ್ಕಪಕ್ಕದ ದೇಶಗಳ ಹೆಂಗಸರು ಸೇರಿ ಆಡುವ ಕಪ್ಪು ಎಂಬುದೇ ಆಗ ಇರಲಿಲ್ಲ. ಮಂಡಿ ಕೈಕೊಟ್ಟ ಮೇಲೆ ಪುಲಿಕೇಶಿನಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆದೆ, ಬೆಳಿಗ್ಗೆ ಹೊತ್ತು ಹಲಸೂರಿನ ಹುಡುಗಿಯರಿಗೆ ಆಟ ಕಲಿಸತೊಡಗಿದೆ. ಬಾಂಗ್ಲಾದೇಶದ ಕಡಲ ತೀರದ ಊರಲ್ಲಿ ಮೊದಲ ಕಪ್ಪನ್ನು ನಮ್ಮವರು ಗೆದ್ದ ಸುದ್ದಿ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂದಿತ್ತು. ಓದಿ ಸಂತೋಷಪಟ್ಟೆ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಹೊಟ್ಟೆ ಉರಿದುಹೋಯಿತು. ಕೆಲವೇ ವರ್ಷ ಮೊದಲು ಶುರು ಮಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿ ಅತ್ತೆ. ಆಮೇಲೆ ಆ ನಾಲ್ಕು ಸಾಲನ್ನು ಕತ್ತರಿಸಿ ಇಟ್ಟುಕೊಂಡೆ. ಪಟ್ಟಿ ಶುರುವಾದದ್ದು ಹಾಗೆ.

ಕೊಲಂಬೊ, ಇಸ್ಲಾಮಾಬಾದ್, ಸಿಲಿಗುರಿ, ಬಿರಾಟ್‌ನಗರ ಎಂದು ಪಟ್ಟಿ ಕೆಳಗಿಳಿಯಿತು. ಮೊದಲ ಐದೂ ಕಪ್ಪು ನಮ್ಮವರದ್ದೇ. ನೇಪಾಳದ ಹುಡುಗಿಯರು ಮತ್ತೆ ಮತ್ತೆ ಫೈನಲ್ ತಲುಪಿ ಸೋಲುತ್ತಿದ್ದರು. ಮೂರನೆಯ ಕಾಲಮ್ಮಿನಲ್ಲಿ ಅದೇ ದೇಶದ ಹೆಸರು ಬರೆದು ಬರೆದು ನನಗೆ ಅವರ ಮೇಲೆ ಒಂದು ಥರದ ಅಕ್ಕರೆ ಹುಟ್ಟಿತ್ತು. ಆಮೇಲೆ ಕಠ್ಮಂಡುವಿನಲ್ಲಿ ಎರಡು ಸಲ ನಡೆದಾಗ ಎರಡು ಸಲವೂ ಬಾಂಗ್ಲಾದೇಶದವರು ಕಪ್ಪು ಒಯ್ದರು. ಆ ಎರಡರಲ್ಲಿ ಒಂದಕ್ಕೆ ನಮ್ಮ ಮೈದಾನದ ಹುಡುಗಿ ಹೋದಳು. ಯಾವುದೆಂದು ಹೇಳುವುದಿಲ್ಲ, ತನ್ನ ಹೆಸರು ಈ ಬರಹದಲ್ಲಿ ಎಲ್ಲೂ ಬರಬಾರದೆಂದು ಅವಳು ಮಾತು ತೆಗೆದುಕೊಂಡಿದ್ದಾಳೆ. ಖಾಲಿ ಕಾಲಮ್ಮು ತುಂಬಿದ್ದಕ್ಕೆ ನಾನು ಕುಣಿದಾಡಬೇಕಿತ್ತು. ಆದರೆ ಪಟ್ಟಿಯಲ್ಲಿ ಅವಳ ಹೆಸರು ಬರೆದ ಮೇಲೆ, ಅದರ ಮುಂದೆ ಯಾವ ಜಾಗದಲ್ಲಿ ಆಡುತ್ತಾಳೆ ಎಂದು ಬರೆಯಲು ಕೈ ಏಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿಬಿಟ್ಟೆ. ಕಾರಣ ನಮ್ಮ ಮೈದಾನದ ಒಂದು ಪದ್ಧತಿ.

ನಮ್ಮಲ್ಲಿ ಬೂಟಿಲ್ಲದವಳು ಗೋಲಿಗೆ, ಅಂದರೆ ಗೋಲು ಕಾಯಲು. ಯಾರು ಶುರು ಮಾಡಿದರೋ ಗೊತ್ತಿಲ್ಲ, ನಾನು ಚಿಕ್ಕವಳಿದ್ದಾಗಲೂ ಹಾಗೇ ಇತ್ತು. ಬೂಟು ಹಾಕಿದವರ ನಡುವೆ ಬರಿಗಾಲಲ್ಲಿ ಓಡಿದರೆ ಬೆರಳು ಜಜ್ಜಿಹೋಗುತ್ತದೆ. ಗೋಲಿನ ಬಳಿ ಅಷ್ಟು ತುಳಿತ ಇರುವುದಿಲ್ಲ. ಹಾಗಾಗಿ ಹೊಸಬಳು ಬಂದರೆ ನಾವು ಮೊದಲು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದೆವು. ಬೂಟು ಸಿಕ್ಕ ದಿನ ಅವಳು ಗೋಲು ಬಿಟ್ಟು ಮೈದಾನಕ್ಕೆ ಇಳಿಯುತ್ತಿದ್ದಳು. ಮುಂದಿನ ಬರಿಗಾಲಿನವಳು ಅಲ್ಲಿಗೆ ಹೋಗುತ್ತಿದ್ದಳು.

ಈ ಹುಡುಗಿ ಬಂದಾಗ ಅವಳಿಗೆ ಹನ್ನೊಂದು ವರ್ಷ ಇರಬೇಕು. ಮನೆಯವರು ರಾಯಚೂರು ಕಡೆಯವರು, ಕೆ.ಆರ್. ಪುರದಲ್ಲಿ ಒಂದು ರೂಮು ಬಾಡಿಗೆ ಹಿಡಿದಿದ್ದರು. ಅಪ್ಪನಿಗೆ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ. ಅಮ್ಮ ಬೆಳಗಿನ ಮೊದಲ ಬಸ್ಸಿಗೆ ಇಂದಿರಾನಗರದ ಮನೆಗಳ ಕೆಲಸಕ್ಕೆ ಬರುತ್ತಿದ್ದಳು. ಮಗಳನ್ನು ರೂಮಲ್ಲಿ ಒಬ್ಬಳನ್ನೇ ಬಿಡಲು ಭಯ, ಕೆಲಸದ ಮನೆಗೆ ಕರೆದೊಯ್ದರೆ ಅವರು ಮುಖ ಗಂಟಿಕ್ಕುತ್ತಾರೆ. ಒಂದು ದಿನ ನೇರ ಮೈದಾನಕ್ಕೆ ಬಂದು ಮಗಳನ್ನು ನನ್ನ ಮುಂದೆ ನಿಲ್ಲಿಸಿದಳು.

“ಎರಡ್ ತಾಸು ಇಲ್ಲೇ ಕುಂದ್ರಲಿ ರೀ ಮೇಡಂ. ಯಾರ ತಂಟಿಗೂ ಹೋಗಾಂಗಿಲ್ಲ ನನ್ ಮಗಳು.”

“ಇದು ಕೂರೋ ಜಾಗ ಅಲ್ಲಮ್ಮ, ಆಡೋ ಜಾಗ” ಎಂದೆ.

“ಹಂಗಾದ್ರ ಆಡ್ಸ್ರಿ” ಎಂದು ಹೇಳಿ ಅವಳು ಹೊರಟೇಬಿಟ್ಟಳು.

ಕಾಲು ನೋಡಿದೆ. ಹವಾಯಿ ಚಪ್ಪಲಿ. ಗೋಲಿಗೆ ಹೋಗು ಎಂದು ಕೈ ತೋರಿಸಿದೆ. ಅವಳು ಚಪ್ಪಲಿ ಬಿಟ್ಟು ಕಂಬಗಳ ನಡುವೆ ನಿಂತಳು. ವಾರ ಕಳೆಯುವುದರೊಳಗೆ ಅವಳ ಎಡಗಾಲು ನನ್ನ ಕಣ್ಣಿಗೆ ಬಿತ್ತು. ತಡೆದ ಚೆಂಡನ್ನು ಎಡಗಾಲಲ್ಲಿ ಒದ್ದರೆ ಅದು ಬೇಕಾದವರ ಮುಂದೆಯೇ ಹೋಗಿ ಬೀಳುತ್ತಿತ್ತು. ಅಂಥ ಕಾಲು ನನಗಿರಲಿಲ್ಲ. ಅವಳ ಕಿವಿ ಹಿಡಿದು ಹೇಳಿದೆ: “ನಿನಗೆ ಬೂಟು ಸಿಗಲಿ, ಅವತ್ತೇ ನಿನ್ನ ಫಾರ್ವರ್ಡ್ ಮಾಡ್ತೀನಿ. ಇದು ನನ್ನ ಮಾತು.” ಅವಳು ತಲೆಯಾಡಿಸಿದಳು.

ಅವಳಿಗೆ ಬೂಟು ಸಿಗಲಿಲ್ಲ, ಅಥವಾ ಹಾಗೆಂದು ನಾನು ತಿಳಿದಿದ್ದೆ. ಮ್ಯಾಚಿನ ದಿನ ಮಾತ್ರ ಕ್ಲಬ್ಬಿನ ಒಂದು ಜೊತೆ ಬೂಟನ್ನು ಕೊಡುತ್ತಿದ್ದೆವು. ಎರಡು ಸೈಜು ದೊಡ್ಡದು, ಮುಂದೆ ಪೇಪರು ತುರುಕಿ ಹಾಕಿಕೊಳ್ಳಬೇಕು. ಸಿಲಿಗುರಿಯ ಫೈನಲ್‌ನ ಸುದ್ದಿ ಬಂದ ಪುಟವನ್ನು ಕತ್ತರಿಸಲೆಂದು ಮೇಜಿನ ಮೇಲಿಟ್ಟಿದ್ದೆ. ಇವಳು ಅದನ್ನೇ ಮುದುಡಿ ಬೂಟಿಗೆ ತುರುಕಿಬಿಟ್ಟಿದ್ದಳು. ನಾನು ಬೈದ ಬೈಗುಳ ಹಲಸೂರು ಕೆರೆಯವರೆಗೂ ಕೇಳಿಸಿರಬೇಕು. ಆಮೇಲೆ ಪುಟವನ್ನು ಇಸ್ತ್ರಿಪೆಟ್ಟಿಗೆಯಿಂದ ತಿಕ್ಕಿ ಅಂಟಿಸಿದೆ. ಪಟ್ಟಿಯಲ್ಲಿ ಆ ಒಂದು ತುಣುಕು ಇಂದಿಗೂ ಸುಕ್ಕುಸುಕ್ಕಾಗಿದೆ.

ಎರಡು ವರ್ಷದ ಮೇಲೆ ಯಾರೋ ಪುಣ್ಯಾತ್ಮರು ಕ್ಲಬ್ಬಿಗೆ ಒಂದು ಮೂಟೆ ಬೂಟು ಕೊಡಿಸಿದರು. ಎಲ್ಲರಿಗೂ ಹಂಚಿದೆ, ಇವಳಿಗೂ ಕೊಟ್ಟೆ. ಅವತ್ತು ನಾನು ಮಾತು ಉಳಿಸಿಕೊಳ್ಳಬೇಕಿತ್ತು. ಉಳಿಸಿಕೊಳ್ಳಲಿಲ್ಲ. ಅಷ್ಟು ಹೊತ್ತಿಗೆ ಅವಳಂಥ ಕೀಪರ್ ಸುತ್ತಮುತ್ತಲ ಯಾವ ಕ್ಲಬ್ಬಿನಲ್ಲೂ ಇರಲಿಲ್ಲ, ಮುಂದಿನ ತಿಂಗಳು ಜಿಲ್ಲಾ ಟೂರ್ನಮೆಂಟು ಬೇರೆ. ಗೆಲ್ಲುವ ಆಸೆಗೆ ಬಾಯಿಗೆ ಬೀಗ ಹಾಕಿಕೊಂಡೆ. ಅವಳೂ ಕೇಳಲಿಲ್ಲ. ಬೂಟಿನ ದಾರ ಕಟ್ಟಿಕೊಂಡು ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಗೋಲಿನತ್ತ ನಡೆದಳು. ಆ ತಗ್ಗಿದ ತಲೆ ನನ್ನನ್ನು ವರ್ಷಗಟ್ಟಲೆ ಕಾಡಿತು. ಕೇಳಲು ಧೈರ್ಯವಿಲ್ಲದ ಬಡವರ ಹುಡುಗಿಗೆ ಮೋಸ ಮಾಡಿದೆ ಎಂದುಕೊಂಡೆ, ಆದರೂ ಸರಿಪಡಿಸಲಿಲ್ಲ.

ಅವಳು ರಾಜ್ಯ ತಂಡಕ್ಕೆ ಹೋದಳು, ರಾಷ್ಟ್ರೀಯ ಕ್ಯಾಂಪಿಗೆ ಕರೆ ಬಂತು. ಕ್ಯಾಂಪಿನಲ್ಲಿದ್ದ ಕೋಚೊಬ್ಬರು ಒಮ್ಮೆ ಫೋನಿನಲ್ಲಿ ನಗುತ್ತಾ ಕೇಳಿದರು: “ಮೇಡಂ, ಇಂಥಾ ಲೆಫ್ಟ್ ಫುಟ್ ಇಟ್ಕೊಂಡಿರೋ ಹುಡುಗೀನ ಕೀಪರ್ ಮಾಡಿದ್ದು ಯಾರ್ರೀ?” ನಾನೂ ನಕ್ಕೆ. ಫೋನಿಟ್ಟ ಮೇಲೆ ಅನ್ನ ಸೇರಲಿಲ್ಲ.

ಕಠ್ಮಂಡುವಿನ ತಂಡದಲ್ಲಿ ಅವಳು ಮೂರನೆಯ ಕೀಪರ್. ಮೂರನೆಯ ಕೀಪರ್ ಎಂದರೆ ಆಟದ ಬಟ್ಟೆ ಹಾಕಿಕೊಂಡು ಬೆಂಚಿನಲ್ಲಿ ಕೂತಿರುವುದು. ಮ್ಯಾಚುಗಳನ್ನು ನಾನು ಪುಲಿಕೇಶಿನಗರದ ಮಾಸ್ಕ್ ರೋಡಿನ ಒಂದು ಟೀ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದೆ, ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕ್ಯಾಮೆರಾ ಎಲ್ಲೋ ಒಮ್ಮೊಮ್ಮೆ ಬೆಂಚಿನ ಕಡೆ ತಿರುಗುತ್ತಿತ್ತು. ಕೊನೆಯ ಕುರ್ಚಿಯಲ್ಲಿ ಅವಳು ನೀರಿನ ಬಾಟಲಿ ಹಿಡಿದು ಕೂತಿರುತ್ತಿದ್ದಳು. ಮೈದಾನದಲ್ಲಿ ನಮ್ಮ ಫಾರ್ವರ್ಡುಗಳು ಎಡಗಾಲಿಗೆ ಬಂದ ಚೆಂಡನ್ನು ಬಲಗಾಲಿಗೆ ಹಾಕಿಕೊಳ್ಳಲು ಹೋಗಿ ಕಳೆದುಕೊಂಡಾಗಲೆಲ್ಲ ನಾನು ಟೀ ಲೋಟ ಕುಕ್ಕುತ್ತಿದ್ದೆ. ಅಲ್ಲಿ ಇವಳಿರಬೇಕಿತ್ತು. ನಮ್ಮವರು ಫೈನಲ್ ತಲುಪಲಿಲ್ಲ. ಅವಳು ಒಂದು ನಿಮಿಷವೂ ಆಡದೆ ವಾಪಸಾದಳು.

ಅವಳು ಬರುವ ಮುಂಚೆ ನಾನು ಶಿವಾಜಿನಗರಕ್ಕೆ ಹೋಗಿದ್ದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬೂಟು ಹೊಲಿಯುವ ಚಾಚಾ ಇದ್ದಾರೆ. ನಮ್ಮ ಕ್ಲಬ್ಬಿನ ಬೂಟುಗಳೆಲ್ಲ ಬಾಯಿಬಿಟ್ಟಾಗ ಹೋಗುವುದು ಅವರ ಬಳಿಗೇ. ಚೀಲ ಇಳಿಸುತ್ತಿದ್ದ ಹಾಗೇ ಅವರು ಕನ್ನಡಕ ಹಣೆಗೇರಿಸಿದರು.

“ಮೇಡಂ, ಪೇಪರ್‌ನಲ್ಲಿ ಟೀಮ್ ಫೋಟೋ ನೋಡ್ದೆ. ಕೊನೇಲಿ ನಿಂತಿರೋ ಹುಡುಗಿ, ಆ ಬಚ್ಚಿ ನಿಮ್ದೇ ಅಲ್ವಾ? ಅವಳ ಸಾಮಾನು ನನ್ ಹತ್ರ ಬಾಕಿ ಇದೆ.”

ಮೇಲಿನ ಹಲಗೆಯಿಂದ ಒಂದು ಪ್ಲಾಸ್ಟಿಕ್ ಕವರು ಇಳಿಸಿದರು. ಒಳಗೆ ಪುಟ್ಟ ಬೂಟುಗಳು. ಹನ್ನೊಂದು ಹನ್ನೆರಡು ವರ್ಷದ ಹುಡುಗಿಗೆ ಸರಿಯಾಗುವ ಸೈಜು. ಅಟ್ಟೆ ಹೊಲಿದಿತ್ತು, ಹೊಲಿದ ಮೇಲೆ ಹಾಕಿದ ಗುರುತೇ ಇರಲಿಲ್ಲ.

“ಹೊಲಿಯೋಕೆ ಅಂತ ಕೊಟ್ಲು. ಮುಂದಿನ್ ವಾರ ತಗೋತೀನಿ ಚಾಚಾ ಅಂದ್ಲು. ಪ್ರತೀ ಸಲ ಅದೇ ಮಾತು. ಆಮೇಲೆ ಬರೋದೇ ಬಿಟ್ಟಳು. ಬಿಸಾಕೋಕೆ ಮನಸ್ ಬರ್ಲಿಲ್ಲ ಮೇಡಂ, ಒಳ್ಳೆ ಚರ್ಮ.”

ಅವಳಿಗೆ ಬೂಟಿತ್ತು. ಬಸ್ಸಿನಲ್ಲಿ ಆ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ತಲೆಬುಡ ಅರ್ಥವಾಗಲಿಲ್ಲ, ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಮುಂದಿನ ಭಾನುವಾರ ಅವಳು ಕ್ಲಬ್ಬಿಗೆ ಬಂದಳು. ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾಳೆ. ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದವಳ ಕಣ್ಣಿಗೆ ಮೇಜಿನ ಮೇಲಿದ್ದ ಪುಟ್ಟ ಬೂಟು ಬಿತ್ತು. ಅರ್ಧ ಬಗ್ಗಿದವಳು ಹಾಗೇ ನಿಂತಳು.

“ಇದು ಯಾರದು?” ಎಂದೆ.

“ನಂದೇ ಮಿಸ್.” ಧ್ವನಿ ಹನ್ನೊಂದು ವರ್ಷದವಳದ್ದೇ ಆಗಿಹೋಯಿತು. “ಅವ್ವ ಕೆಲ್ಸ ಮಾಡೋ ಮನೇಲಿ ಅವ್ರ ಮಗಳಿಗೆ ಚಿಕ್ಕದಾಯ್ತು ಅಂತ ಕೊಟ್ಟಿದ್ರು. ನಾನು ಬಂದು ಒಂದು ತಿಂಗ್ಳು ಆಗಿತ್ತು ಅಷ್ಟೆ.”

“ಮತ್ತೆ ಯಾಕೆ ಹಾಕ್ಕೊಂಡು ಬರ್ಲಿಲ್ಲ?”

“ಹಾಕ್ಕೊಂಡ್ ಬಂದಿದ್ರೆ ನೀವು ಫಾರ್ವರ್ಡ್ ಮಾಡ್ಬಿಡ್ತಿದ್ರಿ.”

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವಳು ಗೋಡೆಗೆ ಒರಗಿ, ನನ್ನ ಮುಖ ನೋಡದೆ ಹೇಳುತ್ತಾ ಹೋದಳು.

“ನಮ್ ರೂಮಲ್ಲಿ ಐದ್ ಜನ ಮಿಸ್. ಕೂತ್ರೆ ಆ ಕಡೆ ಸರಿ ಅಂತಾರೆ, ಮಲಗಿದ್ರೆ ಈ ಕಡೆ ಸರಿ ಅಂತಾರೆ. ಬಸ್ಸಲ್ಲೂ ಅದೇ. ಇಲ್ಲಿ ನೀವು ಗೋಲಲ್ಲಿ ನಿಲ್ಸಿದ್ರಲ್ಲ, ಅವತ್ತು ನಂಗೆ ಯಾರೂ ಸರಿ ಅನ್ಲಿಲ್ಲ. ನಾನೇ ಎಲ್ರಿಗೂ ಲೆಫ್ಟ್ ಸರಿ, ಹಿಂದೆ ಸರಿ ಅಂತ ಕೂಗ್ಬೋದಿತ್ತು. ಎಲ್ರೂ ಸರೀತಿದ್ರು. ಅದನ್ನ ಬಿಡೋಕೆ ಆಗ್ಲಿಲ್ಲ. ಬೂಟ್ ಬಂದ್ರೆ ಹೋಗ್ಬೇಕು ಅಂದ್ರಿ. ಅದಕ್ಕೇ ಚಾಚಾ ಹತ್ರ ಇಟ್ಟೆ.”

“ಕ್ಲಬ್ಬಿನ ಬೂಟು ಕೊಟ್ಟ ದಿನ?”

“ಅವತ್ತು ಜೀವ ಬಾಯಿಗೆ ಬಂದಿತ್ತು ಮಿಸ್. ನೀವು ಈಗ ಹೇಳ್ತೀರ, ಈಗ ಹೇಳ್ತೀರ ಅಂತ. ಹೇಳ್ಲಿಲ್ಲ. ತಲೆ ಬಗ್ಸ್ಕೊಂಡು ಓಡೋದೆ. ಮಿಸ್‌ಗೆ ಮರ್ತೋಗಿದೆ ಅಂತ ದೇವ್ರಿಗೆ ಕೈ ಮುಗ್ದೆ.”

ನನಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಅವಳು ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟಳು. ಎಷ್ಟು ವರ್ಷದಿಂದ ಎದೆಯ ಮೇಲೆ ಹೊತ್ತಿದ್ದ ಕಲ್ಲು ಅದು. ಇಳಿಯಿತು ಎಂದರೆ ಇಳಿಯಿತು, ಅಷ್ಟು ಹಗುರ ನಾನು ಗೋಲು ಹೊಡೆದಾಗಲೂ ಆಗಿರಲಿಲ್ಲ. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ.

“ಅಲ್ಲಿ ಹೋಗಿ ಸುಮ್ನೆ ಕೂತು ಬಂದ್ಯಲ್ಲ, ಬೇಜಾರಾಗ್ಲಿಲ್ವಾ?”

“ಆಯ್ತು ಮಿಸ್, ತುಂಬಾ ಆಯ್ತು. ಆಡಿಸ್ಲಿಲ್ಲ ಅಂತ ಆಯ್ತು. ಕೀಪರ್ ಆಗಿದ್ದಕ್ಕಲ್ಲ.”

ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಜಾಗ ಖಾಲಿ ಇರುವುದನ್ನು ಅವಳು ನೋಡಿದಳು. ನಾನು ಸ್ಕೆಚ್ ಪೆನ್ನು ಕೊಟ್ಟೆ. ದುಂಡನೆಯ ಅಕ್ಷರದಲ್ಲಿ ‘ಕೀಪರ್’ ಎಂದು ಬರೆದಳು. ಆಮೇಲೆ ಸಿಲಿಗುರಿಯ ಸುಕ್ಕುಗಟ್ಟಿದ ತುಣುಕನ್ನು ಬೆರಳಿಂದ ಸವರಿ, “ಇದಕ್ಕೆ ಎಷ್ಟು ಬೈದಿದ್ರಿ ನೀವು” ಎಂದಳು.

ಅವಳು ಹೋದ ಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ ಯೋಚಿಸಿದೆ. ನನ್ನ ತಪ್ಪು ಎಂದುಕೊಂಡದ್ದು ತಪ್ಪಾಗಿರಲಿಲ್ಲ, ಸರಿ. ಆದರೆ ಅವಳು ಬೂಟು ಬಚ್ಚಿಟ್ಟಳೇ ಹೊರತು ತನಗೆ ಗೋಲು ಕಾಯುವುದೇ ಇಷ್ಟ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಹಾಗೆ ನಾನು ಇರಲಿಲ್ಲ. ನನಗೆ ಸಿಗದ ಕಪ್ಪಿಗೆ ನನ್ನಂಥದೇ ಒಬ್ಬ ಫಾರ್ವರ್ಡನ್ನು ಕಳಿಸುವ ಆತುರ ನನಗೆ. ಯಾವ ಹುಡುಗಿಯನ್ನೂ ನಾನು ಕೇಳಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಮೈದಾನಕ್ಕೆ ಒಬ್ಬಳು ಹೊಸಬಳು ಬಂದಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದು ಬೇಲಿಯ ಪಕ್ಕ ನಿಂತಿದ್ದಳು. ಅಭ್ಯಾಸಬಲದಿಂದ ನನ್ನ ಕೈ ಗೋಲಿನ ಕಡೆಗೆ ಎದ್ದಿತ್ತು. ನಾಲಿಗೆ ಕಚ್ಚಿಕೊಂಡೆ, ಕೈ ಇಳಿಸಿದೆ.

“ಎಲ್ಲಿ ನಿಲ್ತೀಯಮ್ಮ?”

ಅವಳು ಮೈದಾನವನ್ನೆಲ್ಲ ಒಮ್ಮೆ ನೋಡಿ, ಸರಿಯಾಗಿ ನಡುಮಧ್ಯಕ್ಕೆ ಬೆರಳು ತೋರಿಸಿದಳು. ಬೂಟು ಹಾಕಿದ ಹದಿನೈದು ಹುಡುಗಿಯರು ನನ್ನ ಮುಖ ನೋಡಿದರು. ಅವಳ ಕಾಲ್ಬೆರಳು ಜಜ್ಜಿದರೆ ನಾನೇ ಹೊಣೆ.

“ಎಲ್ಲರೂ ಬೂಟು ಬಿಚ್ಚಿ” ಎಂದೆ.

ಗೊಣಗುತ್ತಾ ಬಿಚ್ಚಿದರು, ಬೂಟುಗಳು ಬೇಲಿಯ ಉದ್ದಕ್ಕೂ ಸಾಲಾಗಿ ನಿಂತವು. ಒಬ್ಬಳು “ನೀವೂ ಬಿಚ್ಚಿ ಮಿಸ್” ಎಂದಳು. ಮಂಡಿ ಹಿಡಿದುಕೊಂಡು ಬಗ್ಗಿ ನಾನೂ ಬಿಚ್ಚಿದೆ. ಬೆಳಗಿನ ಹೊತ್ತು ಆ ನೆಲ ಎಷ್ಟು ತಣ್ಣಗಿರುತ್ತದೆ ಎಂಬುದು ನನಗೆ ಮರೆತೇಹೋಗಿತ್ತು.