ದಾನಶೂರ ಶ್ರೀಧರ ಮತ್ತು ಅರವತ್ತನಾಲ್ಕನೆಯ ಕಾರ್ಡು

ಟೋಕಿಯೋ ಪಕ್ಕದ ಗ್ಯೋಟೋಕುವಿನ ಶ್ರೀಧರನಂಥ ಕೊಡುಗೈ ದೊರೆ ಇನ್ನೊಬ್ಬನಿರಲಿಲ್ಲ. ಹಾಗೆಂದು ಹೇಳುತ್ತಿದ್ದವನು ಅವನೇ. ವಾರದಲ್ಲಿ ಐದು ದಿನ ರೈಲಿನಲ್ಲಿ ಜೋತುಬಿದ್ದು ಟೋಕಿಯೋದ ಆಫೀಸಿಗೆ ಹೋಗಿಬರುವ ಈ ಬಸವನಗುಡಿಯ ಎಂಜಿನಿಯರು, ಭಾನುವಾರ ಬಂತೆಂದರೆ ಸ್ಟೇಷನ್ ಪಕ್ಕದ ಅಂಗಡಿಯ ಮಹಡಿ ಹತ್ತುತ್ತಿದ್ದ. ಅಲ್ಲಿ ಸೇರುವ, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡು ಕೂಡಿಡುವ ಹುಚ್ಚರಿಗೆಲ್ಲ ಕಾರ್ಡುಗಳನ್ನು ಪುಕ್ಕಟೆ ಹಂಚುತ್ತಿದ್ದ. ಒಂದೊಂದು ದಾನಕ್ಕೂ ಒಂದೊಂದು ಫೋಟೋ. ಕೊಟ್ಟವೆಲ್ಲ ಅವನ ಬಳಿ ಎರಡೆರಡಿದ್ದವು, ಅದರಲ್ಲೂ ಮೂಲೆ ಮಡಿಚಿದವು. ಹಾಲು ಬತ್ತಿದ ಹಸುವನ್ನು ಗೋದಾನ ಕೊಟ್ಟ ಹಾಗೆ.

ಈ ಔದಾರ್ಯಕ್ಕೊಂದು ಗುಟ್ಟಿತ್ತು. ಅವನ ಆಲ್ಬಮ್ಮಿನಲ್ಲಿ ಒಂದೇ ಒಂದು ಜಾಗ ಖಾಲಿ ಉಳಿದಿತ್ತು: ಬೆಂಚಿನ ಮೇಲೆ ಕೂತೇ ನಿವೃತ್ತನಾದ ಇವಾಸಾ ಎಂಬ ಆಟಗಾರನ ಕಾರ್ಡು, ನಂಬರು ಅರವತ್ತನಾಲ್ಕು. ಏಳು ವರ್ಷದಿಂದ ಅದಕ್ಕಾಗಿ ಬಾಯಿಬಾಯಿ ಬಿಡುತ್ತಿದ್ದ. ಜಪಾನಿನವರು ಏನನ್ನೇ ಪಡೆದರೂ ಪ್ರತಿಯಾಗಿ ಏನಾದರೂ ಕೊಡದೆ ಬಿಡುವುದಿಲ್ಲ. ಕೊಡುತ್ತಾ ಹೋದರೆ ಒಂದು ದಿನ ಇವಾಸಾ ಬಂದೇ ಬರುತ್ತಾನೆಂದು ಅವನ ನಂಬಿಕೆ. ಬಂದದ್ದು ಮಾತ್ರ ಅಕ್ಕಿ ಬಿಸ್ಕತ್ತು, ಟವೆಲ್ಲು, ಸೋಪು.

ಹೆಂಡತಿ ಕುಮುದಾ ಅವನ್ನೆಲ್ಲ ಬೀರುವಿನಲ್ಲಿ ರವಿಕೆ ಕಣಗಳ ಪಕ್ಕ ತುರುಕಿ, ಅರಿಶಿನ ಕುಂಕುಮಕ್ಕೆ ಬಂದವರಿಗೆ ದಾಟಿಸುತ್ತಿದ್ದಳು. ಯಾರೂ ಹೊಲಿಸದ ರವಿಕೆ ಕಣ ಮನೆಯಿಂದ ಮನೆಗೆ ತಿರುಗುವುದು ಬಸವನಗುಡಿಯಲ್ಲಿ ಹೇಗೋ ಗ್ಯೋಟೋಕುವಿನಲ್ಲೂ ಹಾಗೆಯೇ.

ಶ್ರಾವಣದ ಒಂದು ಭಾನುವಾರ, ಅವನಿಂದ ಎಷ್ಟೋ ಕಾರ್ಡು ಪಡೆದಿದ್ದ ಎಪ್ಪತ್ತೆಂಟರ ಮೊರಿತಾ-ಸಾನ್ ಒಂದು ಬಿಸ್ಕತ್ತಿನ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿ, 'ತ್ಸುಮಾರನಾಯ್ ಮೊನೋ ದೆಸುಗಾ' ಎಂದರು. ಕ್ಷುಲ್ಲಕ ವಸ್ತು, ಸ್ವೀಕರಿಸಿ ಎಂದರ್ಥ. ನಮ್ಮವರು ಹೋಳಿಗೆ ಬಡಿಸಿ 'ಏನೂ ಮಾಡಿಲ್ಲ, ಅನುಸರಿಸ್ಕೊಳಿ' ಎನ್ನುವುದಿಲ್ಲವೇ, ಅದೇ ಉಪಚಾರದ ಮಾತು. ಹನ್ನೊಂದು ವರ್ಷ ಜಪಾನಿನ ಅನ್ನ ತಿಂದ ಶ್ರೀಧರ ಮಾತ್ರ ಅದನ್ನು ಅಕ್ಷರಶಃ ನಂಬಿ, ಮನೆಗೆ ಬಂದು ಡಬ್ಬವನ್ನು ಕುಮುದಾಳ ಕೈಗಿಟ್ಟ.

"ತಗೋ, ಇನ್ನೊಂದು ಡಬ್ಬ. ಏನೂ ವಿಶೇಷ ಇಲ್ಲ ಅಂತ ಅವ್ರೇ ಹೇಳಿದ್ರು ಕಣೇ."

ಆ ಶುಕ್ರವಾರವೇ ಡಬ್ಬ ತಾಂಬೂಲದ ಜೊತೆ ಗೆಳತಿ ಕೋಕಿಲಾಳ ಮನೆ ಸೇರಿತು.

ಎರಡು ವಾರ ಬಿಟ್ಟು ಬಂದ ಮೊರಿತಾ-ಸಾನ್ ನಾಚುತ್ತಾ ಕೇಳಿದರು: "ಹೇಗಿತ್ತು, ಶ್ರೀಧರ-ಸಾನ್?"

"ತುಂಬಾ ರುಚಿಯಾಗಿತ್ತು! ಮನೆಯವರೆಲ್ಲ ಹಂಚಿಕೊಂಡು ತಿಂದ್ವಿ."

ಮುದುಕರ ಮುಖ ಬಿಳಿಚಿತು. "ಇವಾಸಾನನ್ನೇ?"

'ಸುಮಿಮಾಸೆನ್' ಎಂದು ಕ್ಷಮೆ ಕೇಳುತ್ತಲೇ ದಾನಶೂರ ಮೆಟ್ಟಿಲಿಳಿದು ಓಡಿದ. ಕೋಕಿಲಾಳ ಮನೆ ಬಾಗಿಲು ಬಡಿದರೆ, "ಅಯ್ಯೋ, ಅದನ್ನ ಸ್ಫೂರ್ತಿಗೆ ಕೊಟ್ಟೆ, ಪ್ಯಾಕಿಂಗ್ ಚೆನ್ನಾಗಿತ್ತಲ್ಲ!" ಅಲ್ಲಿಂದ ಎರಡು ಬೀದಿ ಆಚೆ ಸ್ಫೂರ್ತಿಯ ಮನೆಗೆ ಓಡಿದ. ಅವಳು ಹಲ್ಲುಕಿರಿದಳು. "ಸಾರಿ, ಮೊನ್ನೆ ಶುಕ್ರವಾರ ಅದನ್ನ ಕುಮುದಾಗೇ ಕೊಟ್ಟು ಕಳ್ಸಿದೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದ. ಡಬ್ಬ ಅವನದೇ ಬೀರುವಿನಲ್ಲಿತ್ತು. ಮೂರು ಮನೆ ಸುತ್ತಿದರೂ ಒಬ್ಬರೂ ಬಿಚ್ಚಿರಲಿಲ್ಲ. ಅಷ್ಟೂ ಜನ ಅಷ್ಟು ಉದಾರಿಗಳು. ಬಿಸ್ಕತ್ತಿನ ಕೆಳಗೊಂದು ಲಕೋಟೆ, ಅದರೊಳಗೆ ಇವಾಸಾ, ಜೊತೆಗೊಂದು ಚೀಟಿ: 'ನನ್ನ ಬಳಿ ಇದ್ದದ್ದು ಇದೊಂದೇ. ಆದರೆ ನೀವು ಅಷ್ಟೊಂದು ಕೊಟ್ಟಿದ್ದೀರಿ.'

ಶ್ರೀಧರನಿಗೆ ನಿಜಕ್ಕೂ ನಾಚಿಕೆಯಾಯಿತು. ಏಳು ವರ್ಷದಲ್ಲಿ ತನ್ನ ಬಳಿ ಒಂದೇ ಇದ್ದದ್ದನ್ನು ಅವನು ಯಾರಿಗೂ ಕೊಟ್ಟವನಲ್ಲ.

"ವಾಪಸ್ ಕೊಟ್ಬಿಡ್ತೀರಾ?" ಎಂದಳು ಕುಮುದಾ.

"ಕೊಟ್ಟಿದ್ದನ್ನ ವಾಪಸ್ ಮಾಡಿದ್ರೆ ಅವಮಾನ ಕಣೇ," ಎಂದು ಕಾರ್ಡನ್ನು ಖಾಲಿ ಜಾಗಕ್ಕೆ ಸೇರಿಸಿದ. ಬದಲಿಗೆ ಒಳ್ಳೆಯದೊಂದನ್ನು ಕೊಡಲೇಬೇಕೆಂದು ಆಲ್ಬಮ್ ತಿರುವಿದ. ಇದು ಬೇಡ, ಇದು ಸಿಗುವುದಿಲ್ಲ, ಇದಂತೂ ಆಗದು. ಮೊದಲಿಂದ ಕೊನೆಯವರೆಗೆ ನಾಲ್ಕು ಬಾರಿ ತಿರುವಿದ.

ಮುಂದಿನ ಭಾನುವಾರ ಬೀರುವಿನಿಂದ ಇನ್ನಾರೋ ಕೊಟ್ಟಿದ್ದ ಬಿಸ್ಕತ್ತಿನ ಡಬ್ಬವೊಂದನ್ನು ತೆಗೆದುಕೊಂಡು ಹೋಗಿ, ಮೊರಿತಾ-ಸಾನ್ ಮುಂದೆ ಎರಡೂ ಕೈಯಲ್ಲಿ ಹಿಡಿದು, ಆಳವಾಗಿ ತಲೆ ಬಾಗಿ, 'ತ್ಸುಮಾರನಾಯ್ ಮೊನೋ ದೆಸುಗಾ' ಎಂದ. ಆ ಮಹಡಿಯಲ್ಲಿ ಅಂದು ಮೊದಲ ಬಾರಿಗೆ ಆ ಮಾತು ನಿಜವಾಗಿತ್ತು.