ಫಿಲೋಮಿನಾ ಮೇಡಂ ಅವರ ಪೆಟ್ರೋಲ್ ಟ್ಯಾಂಕು

ಫಿಲೋಮಿನಾ ಮೇಡಂ ಒಗ್ಗರಣೆ ಹಾಕುವಾಗ ಬಾಣಲೆಯತ್ತ ಕಿವಿಗೊಟ್ಟು ನಿಲ್ಲುತ್ತಿದ್ದರು. ಹಿಂದೆಂದೋ ಬಂದ ಜ್ವರವೊಂದರಲ್ಲಿ ಅವರಿಗೆ ವಾಸನೆ ತಿಳಿಯುವ ಶಕ್ತಿಯೇ ಹೋಗಿಬಿಟ್ಟಿತ್ತು. ಸಾಸಿವೆಯ ಚಟಪಟ ನಿಂತ ಕೂಡಲೇ ಒಲೆ ಆರಿಸಿ, "ಮೂಗಿಗೆ ಆಗಲೇ ಪೆನ್ಷನ್ ಆಯ್ತು ಕಣೋ, ನನಗಿನ್ನೂ ಎರಡು ವರ್ಷ ಇದೆ" ಎಂದು ನಗುತ್ತಿದ್ದರು.

ಹಾಸನದವರು. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಮದುವೆಯಾಗಿರಲಿಲ್ಲ. ಲೋಧಿ ಕಾಲೋನಿಯ ಸರ್ಕಾರಿ ಮನೆಯಲ್ಲಿ ಅವರೊಬ್ಬರೇ. ಕೆಳಗೆ ಬೇವಿನ ಮರದಡಿ ಅವರ ನಲವತ್ತು ವರ್ಷದ ಬಿಳಿ ಕಾರು. ನಿವೃತ್ತಿಯಾದ ಮರುದಿನವೇ ಆ ಕಾರನ್ನು ತಾವೇ ಓಡಿಸಿಕೊಂಡು ಹಾಸನಕ್ಕೆ ಹೋಗಬೇಕೆಂಬುದು ಅವರ ಆಸೆ. ಫ್ರಿಜ್ಜಿನ ಬಾಗಿಲಿಗೆ ರಸ್ತೆಯ ನಕ್ಷೆ ಅಂಟಿಸಿ, ತಂಗುವ ಊರುಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿಟ್ಟಿದ್ದರು.

ಅಡ್ಡಿಯಾಗಿದ್ದದ್ದು ಪೆಟ್ರೋಲ್ ಟ್ಯಾಂಕು. ಡಿಕ್ಕಿಯೊಳಗೆ ಟ್ಯಾಂಕಿನ ಮೇಲೆ ಅಂಗೈಯಗಲದ ಮುಚ್ಚಳವೊಂದಿತ್ತು. ಎಷ್ಟು ಪೆಟ್ರೋಲಿದೆಯೆಂದು ಮೀಟರಿನ ಮುಳ್ಳಿಗೆ ತಿಳಿಸುವ, ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಅದಕ್ಕೇ ಜೋತುಬಿದ್ದಿರುತ್ತದೆ. ಆ ಮುಚ್ಚಳದಡಿ ಸಂದು ಸೋರದಂತೆ ತಡೆಯುವ ಗ್ಯಾಸ್ಕೆಟ್ ಬಿರಿದು, ಟ್ಯಾಂಕ್ ತುಂಬಿಸಿದರೆ ಕಾರಿನೊಳಗೆಲ್ಲ ಪೆಟ್ರೋಲ್ ನಾತ. ಕಾರಿನಲ್ಲಿ ಕೂತವರು ಹೇಳಬೇಕಷ್ಟೇ, ಮೇಡಂಗೆ ಅದು ತಿಳಿಯುವಂತಿರಲಿಲ್ಲ. ಅಷ್ಟು ಹಳೆಯ ಗಾಡಿಯ ಗ್ಯಾಸ್ಕೆಟ್ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ಪರಿಚಯದವರ ಗೃಹಪ್ರವೇಶದಲ್ಲಿ, ದೆಹಲಿ ಪಕ್ಕದ ಮಾನೇಸರಿನ ಗ್ಯಾಸ್ಕೆಟ್ ಕಾರ್ಖಾನೆಯಲ್ಲಿ ಕೆಲಸವೆಂದು ನಾನು ಹೇಳಿದ್ದೇ ತಡ, ಮೇಡಂ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ನಿನ್ನ ಮೂಗು ಸರಿಯಾಗಿದೆಯೇನೋ?"

ಮುಂದಿನ ಭಾನುವಾರ ಕಾರ್ಖಾನೆಯಲ್ಲಿ ಕೇಳಿಕೊಂಡು ತಂದ ಕಾರ್ಕ್ ಹಾಳೆ ಹಿಡಿದು ಹೋದೆ. ಮೇಡಂ ಚರ್ಚಿನಿಂದ ಬಂದವರೇ, ಹಳೆಯ ಗ್ಯಾಸ್ಕೆಟ್ಟನ್ನು ಅದರ ಮೇಲಿಟ್ಟು ಗೆರೆ ಎಳೆದು, ಸಣ್ಣ ಕತ್ತರಿಯಲ್ಲಿ ಕತ್ತರಿಸಿದರು. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯುವುದು ಅವರ ಕ್ರಮ. "ಆಫೀಸಲ್ಲಿ ಮಾಡ್ದಂಗೆ ಒಬ್ಬನ್ನೇ ಹಿಂಡಬಾರ್ದು. ಎಲ್ಲರಿಗೂ ಸಮನಾಗಿ." ಆಮೇಲೆ ಟ್ಯಾಂಕ್ ತುಂಬಿಸಿಕೊಂಡು ಬಂದು ನನ್ನ ತಲೆಯನ್ನು ಡಿಕ್ಕಿಯೊಳಗೆ ತೂರಿಸಿದರು. ವಾಸನೆ ಇತ್ತು, ಹೇಳಿದೆ. ಮೇಲೆ ಹೋಗಿ ಅನ್ನ, ಹುರುಳಿಸಾರು ಉಂಡೆವು.

ಮರುವಾರ ಕತ್ತರಿಸಿದ ಎರಡನೆಯ ಗ್ಯಾಸ್ಕೆಟ್ ಸರಿಯಾಗಿ ಕೂತಿತು. ಎಷ್ಟು ಮೂಸಿದರೂ ಡಿಕ್ಕಿಯಲ್ಲಿ ಹಳೆಯ ರಬ್ಬರಿನದಲ್ಲದೆ ಬೇರೆ ವಾಸನೆಯಿರಲಿಲ್ಲ. ಇನ್ನು ನನ್ನನ್ನು ಇಲ್ಲಿಗೆ ಯಾರು ಕರೆಯುತ್ತಾರೆ ಎನ್ನಿಸಿತು. ದೆಹಲಿಯ ಅಂಚಿನ ದ್ವಾರಕಾದ ನನ್ನ ಬಾಡಿಗೆ ಕೋಣೆಯಲ್ಲಿ ಇಡೀ ಭಾನುವಾರ ಒಂದು ಮಾತೂ ಆಡದೆ ಕಳೆದದ್ದಿತ್ತು. ತಲೆಯೆತ್ತಿ, "ಸ್ವಲ್ಪ ಇದೆ ಮೇಡಂ" ಎಂದೆ.

"ಅಚ್ಛಾ. ಹಾಗಾದ್ರೆ ಮತ್ತೆ ಮಾಡೋಣ ಬಿಡು," ಎಂದರು.

ಒಂದು ಸಲ ಕಾರ್ಕ್, ಒಂದು ಸಲ ರಬ್ಬರ್. ಬೆಳಗೆಲ್ಲ ಕೂತು ಅವರು ಮಾಡಿದ್ದನ್ನು ನಾನು ಒಂದು ಮಾತಿನಲ್ಲಿ ಕೆಡವುತ್ತಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೇಡಂ ಬೇರೆ ಯಾರನ್ನಾದರೂ ಕೇಳಬಹುದಿತ್ತು. ಆದರೆ ಗ್ಯಾಸ್ಕೆಟ್ ಕಾರ್ಖಾನೆಯವನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಮುಂದಿನ ವಾರ ಹೇಳಿಬಿಡೋಣ ಎಂದುಕೊಳ್ಳುತ್ತಲೇ ನಾನು ಹೆಚ್ಚುಕಡಿಮೆ ಎರಡು ವರ್ಷ ಉಂಡೆ.

ನಿವೃತ್ತಿಗೆ ತಿಂಗಳಿರುವಾಗ ಫ್ರಿಜ್ಜಿನ ಮೇಲೆ ನಕ್ಷೆ ಇರಲಿಲ್ಲ. "ವಾಸನೆ ತಿಳೀದವಳು ಸೋರೋ ಟ್ಯಾಂಕ್ ಇಟ್ಕೊಂಡು ಒಬ್ಬಳೇ ಅಷ್ಟು ದೂರ ಹೋಗೋದು ಹುಚ್ಚುತನ. ಕಾರು ಮಾರ್ತಿದೀನಿ, ರೈಲಲ್ಲಿ ಹೋಗ್ತೀನಿ," ಎಂದರು. ನಾನು ತಟ್ಟೆ ನೋಡುತ್ತಾ ಅನ್ನ ಕಲಸಿದೆ.

ಕೊಳ್ಳಲು ಬಂದ ಸರ್ದಾರ್‌ಜಿಗೆ ಅವರೇ ಮೊದಲು ಹೇಳಿದರು: "ಭಾಯಿಸಾಹಬ್, ಟಂಕಿ ಲೀಕ್ ಹೈ." ಬೇಕೆಂದೇ ಟ್ಯಾಂಕ್ ತುಂಬಿಸಿಟ್ಟಿದ್ದರು. ಆತ ಡಿಕ್ಕಿಯೊಳಗೆ ಬಾಗಿ, ಮುಚ್ಚಳದ ಸುತ್ತ ಬೆರಳಾಡಿಸಿ ಮೂಸಿ ನೋಡಿ ನಕ್ಕ. "ಕಹಾಂ ಲೀಕ್ ಹೈ, ಮೇಡಂಜಿ? ಬದಬೂ ಬಿಲ್ಕುಲ್ ನಹೀ." ಸೋರಿಕೆ ಎಲ್ಲಿದೆ, ವಾಸನೆ ಒಂದಿಷ್ಟೂ ಇಲ್ಲವಲ್ಲ ಎಂದ.

ಮೇಡಂ ನನ್ನತ್ತ ನೋಡಿದರು. ನಾನು ಬೇವಿನ ಮರ ನೋಡುತ್ತಾ ನಿಂತಿದ್ದೆ. ಮಾರುತ್ತೇನೆಂದು ಕೊಟ್ಟ ಮಾತಿಗೆ ಮೇಡಂ ತಪ್ಪುವವರಲ್ಲ. ಕೀಲಿ ಆತನ ಕೈಗಿಟ್ಟರು. ಕಾರು ತಿರುವು ದಾಟುವವರೆಗೆ ನಿಂತು ನೋಡಿ, ಮೇಲೆ ಬಂದು, ಅಂದೂ ನನಗೆ ಬಡಿಸಿದರು.

"ಸುಮ್ಮನೆ ಊಟಕ್ಕೆ ಬರ್ತೀನಿ ಅಂದಿದ್ರೆ, ನಾನು ಬೇಡ ಅಂತಿದ್ನೇನೋ?"

 ತಟ್ಟೆ ತೊಳೆದಿಟ್ಟು ಮೆಟ್ಟಿಲಿಳಿದೆ. ಅವರು ರೈಲು ಹತ್ತಿದ್ದು ಒಂದು ಭಾನುವಾರ. ಅಂದು ನಾನು ಮಾನೇಸರಿನಲ್ಲಿ ಓವರ್‌ಟೈಮ್ ಮಾಡುತ್ತಿದ್ದೆ. ಮಾಡೆಂದು ಯಾರೂ ಹೇಳಿರಲಿಲ್ಲ.